ಸುತ್ತೋಲೆ ಕಣಕುಂಬಿ ಮುಟ್ಟುವ ದಾರಿ

ಬೆಳಗಾವಿಯ ಸರ್ಕಾರಿ ಆಸ್ಪತ್ರೆಗೆ ಹೋದವರ ಕಿವಿಗೆ ಮೊದಲು ಬೀಳುವ ಮಾತು ‘ಕೇಸ್ ಪೇಪರ್ ತಗದೀರೇನ್ರಿ?’ ಬೆಂಗಳೂರಿನವರು ಓಪಿಡಿ ಚೀಟಿ ಅನ್ನುವುದನ್ನು ಮರಾಠಿ ಸೀಮೆಯ ರೂಢಿಯಂತೆ ಇಲ್ಲಿ ಕೇಸ್ ಪೇಪರ್ ಅನ್ನುತ್ತಾರೆ. ಬಿಮ್ಸ್ ಆಸ್ಪತ್ರೆಯಲ್ಲಿ ತೋರಿಸಿಕೊಂಡು, ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಮಳೆಗಾಲವಾದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಖಾನಾಪುರದ ಬಸ್ಸು ಹತ್ತುವವರ ಪಾಲಿಗೆ ಅದು ಮುಂದಿನ ಸಲ ಮಾತ್ರೆ ಬರೆಸಿಕೊಳ್ಳಲು ಬೇಕಾದ ಕಾಗದ, ಅಷ್ಟೇ. ಕಾಯಿಲೆ ಮನಸ್ಸಿನದ್ದಾಗಿದ್ದರೆ ಮಾತ್ರ ಆ ಕಾಗದಕ್ಕೆ ಇನ್ನೊಂದು ಕೆಲಸವೂ ಇದೆ. ಎರಡು ವರ್ಷ ಕಳೆದ ಮೇಲೆ ಅದು ಸಾಕ್ಷಿ ಹೇಳಬೇಕಾಗುತ್ತದೆ.

ಮಾನಸಿಕ ಕಾಯಿಲೆಯಿಂದ ಉಂಟಾದ ವೈಕಲ್ಯವನ್ನು ಅಳೆಯಲು ನಮ್ಮ ದೇಶದಲ್ಲಿ ಬಳಸುವ ಅಳತೆಗೋಲಿನ ಹೆಸರು ಐಡಿಯಾಸ್. ಭಾರತೀಯ ಮನೋವೈದ್ಯಕೀಯ ಸಂಘ 2002ರಲ್ಲಿ ರೂಪಿಸಿದ್ದು. ವ್ಯಕ್ತಿ ತನ್ನನ್ನು ತಾನು ನೋಡಿಕೊಳ್ಳುತ್ತಾನೆಯೇ, ಮನೆಯವರ, ನೆರೆಯವರ ಜೊತೆ ಹೊಂದಿಕೊಳ್ಳುತ್ತಾನೆಯೇ, ಮಾತು ಅರ್ಥ ಮಾಡಿಕೊಂಡು ಉತ್ತರಿಸುತ್ತಾನೆಯೇ, ಕೆಲಸ ಮಾಡುತ್ತಾನೆಯೇ ಎಂಬ ನಾಲ್ಕು ಪ್ರಶ್ನೆಗಳಿಗೆ ಸೊನ್ನೆಯಿಂದ 4ರವರೆಗೆ ಅಂಕ. ಅಲ್ಲಿಗೆ 16 ಆಯಿತು. ಉಳಿದ 4 ಅಂಕ ಕಾಯಿಲೆ ಎಷ್ಟು ಕಾಲದಿಂದ ಇದೆ ಎಂಬುದಕ್ಕೆ: ಕಳೆದ 2 ವರ್ಷಗಳಲ್ಲಿ ಎಷ್ಟು ತಿಂಗಳು ಲಕ್ಷಣಗಳಿದ್ದವು ಎಂದು ಎಣಿಸಿ 1ರಿಂದ 4. ಒಟ್ಟು 20ರಲ್ಲಿ 7 ಬಂದರೆ ಶೇ 40ರ ಗೆರೆ ದಾಟಿದಂತೆ. ಆರಕ್ಕೇ ನಿಂತರೆ ಮಾಸಾಶನವೂ ಇಲ್ಲ, ಬಸ್ ಪಾಸೂ ಇಲ್ಲ.

ಆ ಕೊನೆಯ ನಾಲ್ಕು ಅಂಕಗಳಿಗೆ ಆಧಾರ ಎಲ್ಲಿಂದ ಬರಬೇಕು? ಕೇಸ್ ಪೇಪರಿನಿಂದ, ಇಲ್ಲವೇ ಆಸ್ಪತ್ರೆಯ ರಿಜಿಸ್ಟರಿನಿಂದ. ಮಗ ಮೂರು ವರ್ಷದಿಂದ ಹೀಗೇ ಇದ್ದಾನೆ ಎಂದು ತಾಯಿ ಹೇಳಬಹುದು, ವೈದ್ಯರು ನಂಬಲೂಬಹುದು. ಆದರೂ ವೈಕಲ್ಯ ಅಳೆಯುವ ವೈದ್ಯಕೀಯ ಬೋರ್ಡಿನ ಮುಂದೆ ದಾಖಲೆಗಿರುವ ತೂಕ ಬೇರೆ. ಹೀಗಾಗಿ ತಾಲೂಕು ಆಸ್ಪತ್ರೆಯ ಮೂಲೆಯ ಕೋಣೆಯಲ್ಲಿ ಕುಳಿತ ನರ್ಸ್ ಅಥವಾ ದಾಖಲೆ ಪಾಲಕರು ರೋಗಿ ಬಂದ ದಿನ, ಕೊಟ್ಟ ಔಷಧ, ತಪ್ಪಿಸಿಕೊಂಡ ತಿಂಗಳು ಇಷ್ಟನ್ನು ಬರೆಯುತ್ತಾರೋ ಇಲ್ಲವೋ ಎನ್ನುವುದರ ಮೇಲೆ, ಅವರಿಗೇ ಗೊತ್ತಿಲ್ಲದೆ, ಒಂದು ಮನೆಯ ಆದಾಯ ನಿಂತಿರುತ್ತದೆ. ‘ಕೆಲಸ’ ಎಂಬ ಪ್ರಶ್ನೆಯೂ ಸರಳವಲ್ಲ. ಸಂಬಳದ ನೌಕರಿಯಲ್ಲಿದ್ದವರಿಗೆ ರಜೆಯ ದಾಖಲೆ ಇರುತ್ತದೆ. ಭತ್ತದ ಗದ್ದೆಯಲ್ಲಿ ನಾಟಿಗೆ ಹೋಗುತ್ತಿದ್ದವಳು, ದನ ಮೇಯಿಸುತ್ತಿದ್ದವನು, ಗೋಡಂಬಿ ಹೆಕ್ಕುತ್ತಿದ್ದ ಮುದುಕಿ ಅದನ್ನು ಬಿಟ್ಟು ಎಷ್ಟು ದಿನವಾಯಿತು ಎಂಬುದನ್ನು ಯಾರು ಬರೆದಿಟ್ಟಿರುತ್ತಾರೆ?

ಸರ್ಕಾರದ ಹಣದಲ್ಲಿ ಮಾನಸಿಕ ಆರೋಗ್ಯ ಮತ್ತು ವೈಕಲ್ಯ ಸೇವೆ ಕೊಡುವವರ ಬಗ್ಗೆ ಬರೆಯುವಾಗ ಪತ್ರಿಕೆಗಳು ಫಲಾನುಭವಿಗಳ ಕಥೆ ಹೇಳುತ್ತವೆ, ಇಲ್ಲವೇ ಬಜೆಟ್ಟಿನ ಅಂಕಿ ಕೊಡುತ್ತವೆ. ನಡುವೆ ಇರುವವರ ಸುದ್ದಿ ಬರುವುದು ಅವರು ಧರಣಿ ಕುಳಿತಾಗ. ಕಳೆದ ಕೆಲವು ವರ್ಷಗಳಲ್ಲಿ ಈ ನಡುವಿನವರ ಮೇಜಿನ ಮೇಲೆ ಬಂದು ಬಿದ್ದ ನಿಯಮಗಳು ಕಡಿಮೆಯಲ್ಲ. ಕಾನೂನು ಬದಲಾಗಿದೆ, ಅರ್ಜಿ ನಮೂನೆ ಬದಲಾಗಿದೆ, ಅಳೆಯುವ ಮಾರ್ಗಸೂಚಿ ಬದಲಾಗಿದೆ, ಕಾಗದದ ಜಾಗಕ್ಕೆ ಪೋರ್ಟಲ್ ಬಂದಿದೆ. ದೆಹಲಿಯಲ್ಲೋ ಬೆಂಗಳೂರಿನಲ್ಲೋ ಹೊರಟ ಸುತ್ತೋಲೆ ಬೆಳಗಾವಿಗೆ ಮಿಂಚಂಚೆಯಲ್ಲಿ ಒಂದೇ ಗಳಿಗೆಯಲ್ಲಿ ಬರುತ್ತದೆ. ಬೆಳಗಾವಿಯಿಂದ ಖಾನಾಪುರ ಸುಮಾರು 26 ಕಿಲೋಮೀಟರ್. ಅಲ್ಲಿಂದ ಮುಂದೆ ಜಾಂಬೋಟಿ, ಕಣಕುಂಬಿ, ಭೀಮಗಡದ ಕಾಡಿನ ಹಳ್ಳಿಗಳತ್ತ ಹೋಗುವಾಗ ಮಿಂಚಂಚೆಯ ಕೆಲಸ ಮುಗಿದಿರುತ್ತದೆ. ಮನುಷ್ಯನೇ ಹೋಗಿ ಹೇಳಬೇಕು.

ಹಳೆಯದನ್ನು ಸ್ವಲ್ಪ ನೆನೆಯಬೇಕು. ಈ ಭಾಗದವರಿಗೆ ಮನೋರೋಗಕ್ಕೆ ಔಷಧವೆಂದರೆ ಧಾರವಾಡ. ಅಲ್ಲಿನ ಆಸ್ಪತ್ರೆ ಶುರುವಾದದ್ದು 1845ರಲ್ಲಿ, ಮುಂಬೈ ಪ್ರಾಂತ್ಯದ ಆಡಳಿತದಲ್ಲಿ. ಇಂದು ಅದರ ಹೆಸರು ಡಿಮ್ಹಾನ್ಸ್. ಜನರ ಬಾಯಲ್ಲಿ ಮಾತ್ರ ಎಷ್ಟೋ ಕಾಲ ‘ಹುಚ್ಚಾಸ್ಪತ್ರೆ’ಯೇ ಉಳಿಯಿತು. ‘ಇವನ್ನ ಧಾರವಾಡಕ್ಕ ಕಳಸ್ರಿ’ ಎಂಬುದು ಈಗಲೂ ಕೇಳಸಿಗುವ ಕುಹಕ. ಖಾನಾಪುರದವರು ಲೋಂಡಾ, ಅಳ್ನಾವರ ಹಾದಿಯ ರೈಲಿನಲ್ಲಿ ರೋಗಿಯನ್ನು ಕರೆದೊಯ್ಯುವುದೆಂದರೆ ಒಂದು ದಿನದ ಕೂಲಿ ಕಳೆದುಕೊಳ್ಳುವುದರ ಜೊತೆಗೆ ಊರಿನ ಕಣ್ಣಿಗೆ ಬೀಳುವುದೂ ಆಗಿತ್ತು.

ರೋಗಿಯನ್ನು ಆಸ್ಪತ್ರೆಗೆ ಒಯ್ಯುವ ಬದಲು ವೈದ್ಯರೇ ಜಿಲ್ಲೆಗೆ, ತಾಲೂಕಿಗೆ ಹೋದರೆ ಹೇಗೆ ಎಂದು ನಿಮ್ಹಾನ್ಸ್ ಪ್ರಯೋಗ ನಡೆಸಿದ್ದು ಕರ್ನಾಟಕದಲ್ಲೇ, 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ. ಆ ಬಳ್ಳಾರಿ ಮಾದರಿಯೇ 1996ರಲ್ಲಿ ಕೇಂದ್ರ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಶುರುವಿನಲ್ಲಿ ನಾಲ್ಕು ಜಿಲ್ಲೆ, ಈಗ ರಾಜ್ಯದ ಎಲ್ಲ ಜಿಲ್ಲೆಗಳು. ಅದರ ಮೇಲೆ ಕರ್ನಾಟಕ 2014ರಲ್ಲಿ ‘ಮನೋಚೈತನ್ಯ’ ಎಂಬ ಇನ್ನೊಂದು ಪದರ ಕೂಡಿಸಿತು. ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರಬೇಕು ಎಂಬುದು ಅದರ ತಿರುಳು. ವಾರ ಗೊತ್ತಿರುವುದು ಸಣ್ಣ ಸಂಗತಿ ಅನ್ನಿಸಬಹುದು. ಸಂತೆಯ ದಿನದ ಮೇಲೆ ವಾರ ಎಣಿಸುವ ಹಳ್ಳಿಗೆ ಅದು ದೊಡ್ಡದು. ತಾರೀಕು ಮರೆತುಹೋಗುತ್ತದೆ, ಮಂಗಳವಾರ ಮರೆಯುವುದಿಲ್ಲ.

ಇಷ್ಟಾದರೂ ನಿಮ್ಹಾನ್ಸ್ ನೇತೃತ್ವದಲ್ಲಿ ನಡೆದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹೇಳಿದ್ದೇನೆಂದರೆ, ಚಿಕಿತ್ಸೆ ಬೇಕಾದವರಲ್ಲಿ ಕಾಯಿಲೆಯ ಬಗೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಮಂದಿಗೆ ಅದು ಸಿಕ್ಕಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, 14416, ಈ ಕಂದರಕ್ಕೆ ಹಾಕಿದ ಒಂದು ಹಗ್ಗದ ಸೇತುವೆ. ಇಪ್ಪತ್ತು ಭಾಷೆಗಳಲ್ಲಿ ಅದು ಸಿಗುತ್ತದೆ. ಕನ್ನಡ, ಮರಾಠಿ, ಕೊಂಕಣಿ ಮೂರೂ ಒಂದೇ ಅಂಗಳದಲ್ಲಿ ಕೇಳುವ ಖಾನಾಪುರಕ್ಕೆ ಭಾಷೆಯ ಆಯ್ಕೆ ಎಂಬುದು ಅಲಂಕಾರದ ಸೌಲಭ್ಯವಲ್ಲ. ಫೋನಿಗೆ ಸಿಗ್ನಲ್ ಬೇಕು ಎಂಬುದು ಕಾಡಂಚಿನವರ ಪ್ರತ್ಯೇಕ ಸಮಸ್ಯೆ.

ಈಗ ವಿಕಲಚೇತನರ ಗುರುತಿನ ಕಾರ್ಡಿನ ವಿಚಾರ. 1995ರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು. ಅದರ ಜಾಗಕ್ಕೆ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, ಜಾರಿಯಾದದ್ದು 2017ರ ಏಪ್ರಿಲ್ 19ರಂದು, ಆ ಪಟ್ಟಿಯನ್ನು 21ಕ್ಕೆ ಏರಿಸಿತು. ಆಟಿಸಂ, ಕಲಿಕಾ ನ್ಯೂನತೆ, ಪಾರ್ಕಿನ್ಸನ್ಸ್, ಥಲಸ್ಸೇಮಿಯಾ, ಕುಡಗೋಲು ಕಣ ರಕ್ತಹೀನತೆ, ಆ್ಯಸಿಡ್ ದಾಳಿಗೆ ತುತ್ತಾದವರು, ಎಲ್ಲರೂ ಒಳಗೆ ಬಂದರು. 2021ರ ಜೂನ್ 1ರಿಂದ ಕೈಬರಹದ ಪ್ರಮಾಣಪತ್ರ ನಿಂತು, ಸ್ವಾವಲಂಬನ್ ಪೋರ್ಟಲ್ ಮೂಲಕವೇ ಯುಡಿಐಡಿ ಕಾರ್ಡ್ ಕೊಡಬೇಕೆಂದಾಯಿತು. ಹಳೆಯ ಪುಸ್ತಕದ ಮಾದರಿಯ ಗುರುತಿನ ಚೀಟಿ ಇಟ್ಟುಕೊಂಡಿದ್ದವರು ಮತ್ತೆ ಸಾಲಿನಲ್ಲಿ ನಿಂತರು. ಕಾಲಿಲ್ಲದವನಿಗೆ ಕಾಲಿಲ್ಲವೆಂದು ಎಷ್ಟು ಸಲ ತೋರಿಸುವುದು ಎಂಬ ಸಿಟ್ಟಿಗೆ ಪೋರ್ಟಲ್ಲಿನಲ್ಲಿ ಕಾಲಂ ಇಲ್ಲ.

2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಈ ಕಾಯ್ದೆಯ ನಿಯಮಗಳಿಗೆ ತಿದ್ದುಪಡಿ ತಂದಿತು. ಸೇವೆ ಕೊಡುವವರು ಗಮನಿಸಬೇಕಾದ ಅಂಶಗಳು ಅದರಲ್ಲಿ ಹಲವು. ಮೊದಲನೆಯದು, ಅರ್ಜಿ ಬಂದ ಮೇಲೆ ಪ್ರಮಾಣಪತ್ರ ಕೊಡಲು ವೈದ್ಯಕೀಯ ಪ್ರಾಧಿಕಾರಕ್ಕಿದ್ದ ಒಂದು ತಿಂಗಳ ಗಡುವು ಮೂರು ತಿಂಗಳಾಯಿತು. ಜಿಲ್ಲಾ ಆಸ್ಪತ್ರೆಯವರಿಗೆ ಇದು ಉಸಿರಾಡಲು ಸಿಕ್ಕ ಬಿಡುವು. ಕಾಯುವವರ ಪಾಲಿಗೆ ಮೂರು ಕಂತಿನ ಮಾಸಾಶನ ಹೋದಂತೆ. ಎರಡನೆಯದು ಇನ್ನೂ ಹರಿತ. ಅರ್ಜಿದಾರರ ಕಡೆಯಿಂದಲೇ ತಡವಾಗಿ, ಅಂದರೆ ತಪಾಸಣೆಗೆ ಬಾರದೆಯೋ ದಾಖಲೆ ಕೊಡದೆಯೋ, ಎರಡು ವರ್ಷಕ್ಕಿಂತ ಹೆಚ್ಚು ಕಾಲ ತೀರ್ಮಾನವಾಗದೆ ಉಳಿದ ಅರ್ಜಿಯನ್ನು ನಿಷ್ಕ್ರಿಯ ಎಂದು ಪರಿಗಣಿಸಬಹುದು. ಮತ್ತೆ ಹೊಸದಾಗಿ ಹಾಕಬೇಕು, ಇಲ್ಲವೇ ಹಳೆಯದನ್ನು ಜೀವಂತಗೊಳಿಸಲು ಕೇಳಿಕೊಳ್ಳಬೇಕು. ಬಾರದೆ ಉಳಿದವರು ಯಾರು ಎಂದು ಯೋಚಿಸಿದರೆ ಈ ನಿಯಮದ ಭಾರ ಯಾರ ಮೇಲೆ ಬೀಳುತ್ತದೆ ಎಂದು ಗೊತ್ತಾಗುತ್ತದೆ. ಹಾಸಿಗೆ ಹಿಡಿದವರು, ಬಸ್ಸಿಲ್ಲದ ಊರಿನವರು, ಕರೆದೊಯ್ಯಲು ಜನವಿಲ್ಲದವರು.

ಮೂರನೆಯದು ಬಣ್ಣ. ಶೇ 40ಕ್ಕಿಂತ ಕಡಿಮೆ ಇದ್ದವರ ಕಾರ್ಡಿಗೆ ಬಿಳಿ, 40ರಿಂದ 80ರೊಳಗಿದ್ದರೆ ಹಳದಿ, 80 ಮತ್ತು ಅದಕ್ಕಿಂತ ಹೆಚ್ಚಾದರೆ ನೀಲಿ. ನೋಡಲು ಸರಳ. ಗೊಂದಲ ಶುರುವಾಗುವುದು ಇದನ್ನು ರಾಜ್ಯದ ಮಾಸಾಶನದ ಪಕ್ಕದಲ್ಲಿ ಇಟ್ಟಾಗ. ಬೆಳಗಾವಿ ಕಡೆ ಮಾಸಾಶನಕ್ಕೂ ‘ಪಗಾರ’ ಎಂದೇ ಹೆಸರು; ‘ಪಗಾರ ಬಂತೇನ್ರಿ’ ಎಂದು ಅಂಚೆಯಣ್ಣನನ್ನು ಕೇಳುತ್ತಾರೆ. ಕರ್ನಾಟಕದಲ್ಲಿ ಈ ಪಗಾರದ ಮೆಟ್ಟಿಲುಗಳು ಬೇರೆ: ಶೇ 40ರಿಂದ 75ರವರೆಗೆ ತಿಂಗಳಿಗೆ 800 ರೂಪಾಯಿ, ಅದಕ್ಕೆ ಮೇಲ್ಪಟ್ಟು 1,400, ತೀವ್ರ ಬೌದ್ಧಿಕ ವೈಕಲ್ಯಕ್ಕೆ 2,000. ಅಂದರೆ ಶೇ 78 ಇರುವವರ ಕೈಯಲ್ಲಿರುವುದು ಹಳದಿ ಕಾರ್ಡು, ಬರಬೇಕಾದದ್ದು ಮಾತ್ರ 1,400. ಬಣ್ಣ ನೋಡಿ ಮೊತ್ತ ಹೇಳಿದರೆ ತಪ್ಪಾಗುತ್ತದೆ. ಕೇಂದ್ರದವರು 80 ಎಂದರು, ರಾಜ್ಯದವರು 75 ಎಂದರು, ನಡುವಿನ ಆ ಐದರ ಸಂದಿಯಲ್ಲಿ ಸಿಕ್ಕಿಕೊಂಡವರಿಗೆ ವಿವರಿಸಿ ಹೇಳುವ ಕೆಲಸ ಗ್ರಾಮ ಪಂಚಾಯಿತಿಯ ಕಟ್ಟೆಯ ಮೇಲೆ ಕುಳಿತವರದ್ದು. ಬಿಳಿ ಕಾರ್ಡಿನವರ ಸ್ಥಿತಿ ಇನ್ನೂ ವಿಚಿತ್ರ. ವೈಕಲ್ಯವಿದೆ ಎಂದು ಸರ್ಕಾರವೇ ಬರೆದುಕೊಟ್ಟ ಕಾರ್ಡ್ ಇಟ್ಟುಕೊಂಡೂ ಹೆಚ್ಚಿನ ಸೌಲಭ್ಯಗಳ ಬಾಗಿಲು ಮುಚ್ಚಿರುತ್ತದೆ. ಶೇಕಡಾವಾರು ಸರಿಯಿಲ್ಲ ಅನ್ನಿಸಿದರೆ 90 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು ಎಂದು ನಿಯಮದಲ್ಲಿದೆ. ಕಾರ್ಡಿನ ಜೊತೆಗೆ ಇದನ್ನು ಹೇಳುವ ಒಂದು ಚೀಟಿ ಕೊಟ್ಟರೆ ಖರ್ಚು ಎಷ್ಟಾದೀತು!

ಆ ಕಟ್ಟೆಯ ಮೇಲೆ ಕುಳಿತವರು ವಿಆರ್‌ಡಬ್ಲ್ಯು, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಕರ್ನಾಟಕದ ಈ ವ್ಯವಸ್ಥೆಯನ್ನು ಹೊರಗಿನವರು ಅಷ್ಟಾಗಿ ಬಲ್ಲವರಲ್ಲ. ಪ್ರತಿ ಗ್ರಾಮ ಪಂಚಾಯಿತಿಗೆ ಒಬ್ಬರು. ಅವರೂ ವಿಕಲಚೇತನರೇ ಆಗಿರಬೇಕು, ಕನಿಷ್ಠ ಶೇ 40, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಅದೇ ಪಂಚಾಯಿತಿಯವರಾಗಿರಬೇಕು. ನಗರದ ವಾರ್ಡುಗಳಲ್ಲಿ ಯುಆರ್‌ಡಬ್ಲ್ಯು, ತಾಲೂಕು ಪಂಚಾಯಿತಿಯಲ್ಲಿ ಇವರ ಮೇಲೊಬ್ಬರು ಎಂಆರ್‌ಡಬ್ಲ್ಯು, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ನೇಮಕದ ಪ್ರಕಟಣೆಗಳಲ್ಲಿ ಕಾಣುವ ಗೌರವಧನ ಗ್ರಾಮ ಮಟ್ಟದಲ್ಲಿ ತಿಂಗಳಿಗೆ 9,000, ತಾಲೂಕಿನಲ್ಲಿ 15,000. ಸಂಬಳ ಎನ್ನುವುದಿಲ್ಲ, ಗೌರವಧನ. ‘ಗೌರವ’ ಎಂಬ ಪದ ಸೇರಿಸಿದ ಕೂಡಲೇ ಭವಿಷ್ಯನಿಧಿ, ರಜೆ, ನಿವೃತ್ತಿ ಎಂಬ ಮಾತುಗಳು ಹಿಂದೆ ಸರಿಯುವುದು ನಮ್ಮ ಆಡಳಿತ ಭಾಷೆಯ ಒಂದು ಚಮತ್ಕಾರ. ಸೇವೆ ಕಾಯಂ ಮಾಡಬೇಕೆಂಬ ಇವರ ಬೇಡಿಕೆ ಹಳೆಯದು.

ಕೆಲಸದ ಪಟ್ಟಿ ನೋಡಿದರೆ ಇದು ಅರೆಕಾಲದ್ದಲ್ಲ. ಪಂಚಾಯಿತಿ ವ್ಯಾಪ್ತಿಯ ವಿಕಲಚೇತನರ ಸಮೀಕ್ಷೆ, ಯುಡಿಐಡಿ ಅರ್ಜಿ, ನಾಡಕಚೇರಿಯಲ್ಲಿ ಮಾಸಾಶನದ ಅರ್ಜಿ, ಸೇವಾಸಿಂಧುವಿನಲ್ಲಿ ಬಸ್ ಪಾಸ್, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ, ಶಿಬಿರಕ್ಕೆ ಜನರನ್ನು ಕರೆತರುವುದು, ಗಾಲಿಕುರ್ಚಿ, ಶ್ರವಣಯಂತ್ರ ಬಂದಾಗ ಹಂಚುವುದು. ಪಂಚಾಯಿತಿ ತನ್ನ ಸ್ವಂತ ಸಂಪನ್ಮೂಲದಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗೆ ಮೀಸಲಿಡಬೇಕು. ಅದು ಖರ್ಚಾಯಿತೇ ಎಂದು ಪಿಡಿಒ ಬೆನ್ನು ಹತ್ತಬೇಕಾದವರೂ ಇವರೇ. ಇಷ್ಟನ್ನೂ ಒಂದು ಕಾಲಿಗೆ ಕ್ಯಾಲಿಪರ್ ಹಾಕಿಕೊಂಡೋ, ಮಂದ ದೃಷ್ಟಿಯಲ್ಲಿ ಫೋನನ್ನು ಮೂಗಿನ ಹತ್ತಿರ ಹಿಡಿದೋ ಮಾಡುವವರಿದ್ದಾರೆ ಎಂಬುದನ್ನು ಪೋರ್ಟಲ್ ಕಟ್ಟಿದವರು ಒಮ್ಮೆ ಬಂದು ನೋಡಬೇಕು.

ಖಾನಾಪುರ ತಾಲೂಕಿನಲ್ಲಿ ಇದಕ್ಕೆ ಭೂಗೋಳ ಸೇರಿಕೊಳ್ಳುತ್ತದೆ. ಮಲಪ್ರಭೆ ಹುಟ್ಟುವುದು ಇಲ್ಲಿನ ಕಣಕುಂಬಿಯಲ್ಲಿ. ತಾಲೂಕಿನ ಪಶ್ಚಿಮ ಅಂಚು ಸಹ್ಯಾದ್ರಿ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯಾದ ಭೀಮಗಡ ಅಲ್ಲಿದೆ. ಅದರೊಳಗಿನ ಗವಾಳಿ, ಪಾಸ್ತೋಳಿ, ಕೊಂಗಳಾ, ತಳೇವಾಡಿ, ಆಮಗಾಂವ, ಕೃಷ್ಣಾಪುರ ಮೊದಲಾದ ಊರುಗಳಿಗೆ ಮಳೆಗಾಲವೆಂದರೆ ಹೊರಜಗತ್ತಿನ ಬಾಗಿಲು ಮುಚ್ಚಿದಂತೆ. 2024ರ ಜುಲೈನಲ್ಲಿ ಆಮಗಾಂವದ ಅಸ್ವಸ್ಥ ಮಹಿಳೆಯೊಬ್ಬರನ್ನು ಗ್ರಾಮಸ್ಥರು ಕಟ್ಟಿಗೆಯ ಚಟ್ಟದಂಥ ಸ್ಟ್ರೆಚರಿನ ಮೇಲೆ ಹೊತ್ತು, ಸುರಿವ ಮಳೆಯಲ್ಲಿ ಕಾಡುಹಾದಿ ತುಳಿದು ಆಂಬುಲೆನ್ಸ್ ಮುಟ್ಟಿಸಿದ ದೃಶ್ಯವನ್ನು ರಾಜ್ಯವೆಲ್ಲ ನೋಡಿತು. ಜ್ವರಕ್ಕೋ ಎದೆನೋವಿಗೋ ಹೀಗೆ ಹೊರುವವರು ಸಿಗುತ್ತಾರೆ. ಬೌದ್ಧಿಕ ವೈಕಲ್ಯದ ಅಳತೆ ಮಾಡಿಸಿಕೊಂಡು ಬರಲು ಯಾರನ್ನು ಯಾರು ಹೊತ್ತಾರು? ಆ ಪರೀಕ್ಷೆಗೆ ಕ್ಲಿನಿಕಲ್ ಸೈಕಾಲಜಿಸ್ಟ್ ಬೇಕು, ಶ್ರವಣದೋಷಕ್ಕೆ ಯಂತ್ರ ಮತ್ತು ಆಡಿಯಾಲಜಿಸ್ಟ್ ಬೇಕು. ಇವೆಲ್ಲ ಇರುವುದು ಬೆಳಗಾವಿಯಲ್ಲಿ.

ಪ್ರಯಾಣದ ಲೆಕ್ಕದಲ್ಲಿ ಒಂದು ಕುತೂಹಲದ ತಿರುವು ಇದೆ. ವಿಕಲಚೇತನರ ರಿಯಾಯಿತಿ ಪಾಸು ವಾಸಸ್ಥಳದಿಂದ 100 ಕಿಲೋಮೀಟರ್ ವ್ಯಾಪ್ತಿಯ ಬಸ್ಸುಗಳಿಗೆ. ಖಾನಾಪುರದಿಂದ ಬೆಳಗಾವಿಯೂ ಧಾರವಾಡವೂ ಆ ವೃತ್ತದೊಳಗೇ ಬರುತ್ತವೆ. ಕಾರ್ಡ್ ಇನ್ನೂ ಬಾರದವರಿಗೆ ಪಾಸೂ ಇಲ್ಲ. ಅಂದರೆ ಕಾರ್ಡ್ ಮಾಡಿಸಿಕೊಳ್ಳಲು ಹೋಗುವ ಓಡಾಟಕ್ಕೇ ರಿಯಾಯಿತಿ ಸಿಗುವುದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಈ ಖರ್ಚು ತಪ್ಪಿತು. ಮಗಳನ್ನು ತಾಯಿ ಕರೆದೊಯ್ದರೆ ಇಬ್ಬರಿಗೂ ಟಿಕೆಟ್ ಇಲ್ಲ. ಮಗನನ್ನು ತಂದೆ ಕರೆದೊಯ್ದರೆ ಇಬ್ಬರಿಗೂ ಇದೆ. ಆಸ್ಪತ್ರೆಯ ಬೆಂಚಿನ ಮೇಲೆ ತಾಯಂದಿರೇ ಹೆಚ್ಚು ಕಾಣುವುದಕ್ಕೆ ಹಳೆಯ ಕಾರಣಗಳು ಸಾಕಷ್ಟಿದ್ದವು. ಅವುಗಳ ಜೊತೆಗೆ ಈಗ ಇದೊಂದು.

ಭಾಷೆಯದ್ದೂ ಹೀಗೇ. ಸುತ್ತೋಲೆ ಕನ್ನಡದಲ್ಲಿ, ಪೋರ್ಟಲ್ಲಿನ ಅರ್ಧ ಇಂಗ್ಲಿಷಿನಲ್ಲಿ, ಮನೆಯ ಮಾತು ಮರಾಠಿಯೋ ಕೊಂಕಣಿಯೋ. ಕನ್ನಡದಲ್ಲೇ ಅಂಗವಿಕಲ, ವಿಕಲಚೇತನ, ವಿಶೇಷಚೇತನ ಎಂದು ಮೂರು ಪದ. ಮರಾಠಿಯ ಹಳಬರು ಅಪಂಗ ಎನ್ನುತ್ತಾರೆ, ಕೇಂದ್ರದ ಕಾಗದಗಳಲ್ಲಿ ದಿವ್ಯಾಂಗ. ವಿಆರ್‌ಡಬ್ಲ್ಯು ಇವಿಷ್ಟನ್ನೂ ಬದಿಗಿಟ್ಟು ‘ತುಮ್ಚಂ ಕಾರ್ಡ್ ಆಲಂ ಕಾ?’ (ನಿಮ್ಮ ಕಾರ್ಡ್ ಬಂತೇ?) ಎಂದು ಕೇಳಿದರೆ ಮಾತ್ರ ಸಂಗತಿ ಮುಟ್ಟುತ್ತದೆ. ಮಕ್ಕಳ ಕಲಿಕಾ ನ್ಯೂನತೆಯ ಪರೀಕ್ಷೆಯಲ್ಲಂತೂ ಭಾಷೆಯೇ ಅಳತೆಯ ಭಾಗ. ಮರಾಠಿ ಮಾಧ್ಯಮದ ಮಗುವಿಗೆ ಓದಲು ಬರುವುದಿಲ್ಲವೋ, ಪರೀಕ್ಷೆಯ ಭಾಷೆ ಬರುವುದಿಲ್ಲವೋ ಎಂದು ಬಿಡಿಸಿ ನೋಡದಿದ್ದರೆ ಫಲಿತಾಂಶಕ್ಕೆ ಅರ್ಥವಿರದು. 2018ರ ಮಾರ್ಗಸೂಚಿಯಂತೆ ಈ ಪ್ರಮಾಣಪತ್ರ 8 ವರ್ಷ ತುಂಬಿದ ಮೇಲೆ ಸಿಗುತ್ತಿತ್ತು. 14ಕ್ಕೆ, 18ಕ್ಕೆ ಮತ್ತೆ ಪರೀಕ್ಷೆ. ಅಂದರೆ ಶಾಲೆ, ಬಿಇಒ ಕಚೇರಿಯ ಸಂಚಾರಿ ವಿಶೇಷ ಶಿಕ್ಷಕರು, ಆಸ್ಪತ್ರೆ, ಈ ಮೂವರೂ ಒಂದೇ ಮಗುವಿನ ಕಡತವನ್ನು ಹತ್ತು ವರ್ಷ ಕಾಯ್ದಿಡಬೇಕಿತ್ತು.

ಸಂಸ್ಥೆಗಳ ಕಡೆಗೆ ಬಂದರೆ ಗೊಂದಲ ಇರುವುದು ಯಾವ ಕಾನೂನಿನಡಿ ನೋಂದಣಿ ಎಂಬಲ್ಲಿ. ವಿಕಲಚೇತನರ ಶಾಲೆ, ವಸತಿಗೃಹ, ತರಬೇತಿ ಕೇಂದ್ರ ನಡೆಸುವವರು 2016ರ ಕಾಯ್ದೆಯಡಿ ಇಲಾಖೆಯಿಂದ ನೋಂದಣಿ ಪ್ರಮಾಣಪತ್ರ ಪಡೆಯಬೇಕು. ಮಾನಸಿಕ ಕಾಯಿಲೆಯವರನ್ನು ಇರಿಸಿಕೊಳ್ಳುವವರು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯಡಿ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಾಯಿಸಬೇಕು. ಈ ಎರಡನೆಯ ಕಾಯ್ದೆ ಜಾರಿಗೆ ಬಂದದ್ದು 2018ರ ಮೇ 29ರಂದು. ಮಾನಸಿಕ ಕಾಯಿಲೆಯ ವ್ಯಾಖ್ಯೆಯಿಂದ ಬೌದ್ಧಿಕ ವೈಕಲ್ಯವನ್ನು ಅದು ಹೊರಗಿಟ್ಟಿದೆ. ಹಾಗಾಗಿ ಬೌದ್ಧಿಕ ವೈಕಲ್ಯದ ಮಕ್ಕಳಷ್ಟೇ ಇರುವ ಶಾಲೆಗೆ ಇದು ತಾಗುವುದಿಲ್ಲ. ಒಂದೇ ಸೂರಿನಡಿ ಎರಡೂ ಬಗೆಯವರನ್ನು ಇಟ್ಟುಕೊಂಡ ಆಶ್ರಮಕ್ಕೆ ಎರಡೂ ತಾಗುತ್ತವೆ. ಮದ್ಯ, ಮಾದಕ ವಸ್ತುಗಳ ವ್ಯಸನಕ್ಕೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಆ ವ್ಯಾಖ್ಯೆಯೊಳಗೆ ಇರುವುದರಿಂದ ವ್ಯಸನಮುಕ್ತಿ ಕೇಂದ್ರಗಳೂ ನೋಂದಾಯಿಸಬೇಕು. ಕಣಕುಂಬಿಯಲ್ಲಿ ಅಬಕಾರಿ ತನಿಖಾ ಠಾಣೆ ಇದೆ, ಅದರಾಚೆ ಗೋವಾ, ಅಲ್ಲಿ ಅಗ್ಗದ ಮದ್ಯ. ವ್ಯಸನದ ಚಿಕಿತ್ಸೆಯ ಮಾತು ಈ ತಾಲೂಕಿಗೆ ದೂರದ್ದಲ್ಲ.

ನೋಂದಣಿಯಿಲ್ಲದೆ ನಡೆಸಿದರೆ ಮೊದಲ ಸಲ 5,000ದಿಂದ 50,000 ರೂಪಾಯಿ, ಎರಡನೇ ಸಲ 2 ಲಕ್ಷದವರೆಗೆ, ಆಮೇಲೆ 5 ಲಕ್ಷದವರೆಗೆ ದಂಡ. ಕರ್ನಾಟಕದಲ್ಲಿ ಇದಕ್ಕಾಗಿ ಇ-ಮಾನಸ್ ಎಂಬ ತಂತ್ರಾಂಶವಿದೆ. ಬೆಂಗಳೂರಿನ ಐಐಐಟಿ ಮತ್ತು ನಿಮ್ಹಾನ್ಸ್ ಸೇರಿ ರೂಪಿಸಿದ್ದು, 2021ರಿಂದ ಬಳಕೆಯಲ್ಲಿದೆ. ಸಂಸ್ಥೆಯ ನೋಂದಣಿಯಷ್ಟೇ ಅಲ್ಲದೆ ರೋಗಿಯ ದಾಖಲೆ ಇಡುವುದಕ್ಕೂ ಅದರಲ್ಲಿ ಅವಕಾಶವಿದೆ. ಕೇಸ್ ಪೇಪರ್ ಕಳೆದುಹೋದವರಿಗೆ ಒಂದು ದಿನ ಅದು ಆಸರೆಯಾಗಬಹುದು, ತುಂಬುವವರು ತುಂಬಿದರೆ.

ಸಣ್ಣ ಸಂಸ್ಥೆಗಳವರು ಇದನ್ನು ಕಿರಿಕಿರಿ ಎನ್ನುತ್ತಾರೆ. ಕಿರಿಕಿರಿ ಹೌದು. ಆದರೆ ಈ ನಿಯಮಗಳ ಹಿಂದೆ 2001ರ ಆಗಸ್ಟ್ 6ರ ಬೆಂಕಿ ಇದೆ. ತಮಿಳುನಾಡಿನ ಏರ್ವಾಡಿಯ ಖಾಸಗಿ ಆಶ್ರಯವೊಂದರಲ್ಲಿ ಸರಪಳಿ ಕಟ್ಟಿದ್ದ 28 ಮಂದಿ ಓಡಿಹೋಗಲಾರದೆ ಸುಟ್ಟು ಸತ್ತರು. ಸರಪಳಿ ಹಾಕಕೂಡದು, ಒಪ್ಪಿಗೆಯಿಲ್ಲದೆ ತಲೆ ಬೋಳಿಸಕೂಡದು, ರೋಗಿಗೆ ತನ್ನ ಪ್ರತಿನಿಧಿಯನ್ನು ತಾನೇ ಹೆಸರಿಸುವ ಹಕ್ಕಿದೆ ಎಂದು 2017ರ ಕಾಯ್ದೆ ಬಿಡಿಬಿಡಿಯಾಗಿ ಬರೆದಿರುವುದು ಅದೆಲ್ಲ ನಡೆಯುತ್ತಿತ್ತು ಎಂಬ ಕಾರಣಕ್ಕೆ.

ವಿಶೇಷ ಶಾಲೆಗಳ ಕಷ್ಟ ಇನ್ನೊಂದು ನಮೂನೆಯದು. ಬೆಳಗಾವಿಯಲ್ಲಿ ಕಿವುಡ ಮಕ್ಕಳ ಸರ್ಕಾರಿ ಶಾಲೆ ಇದೆ, ಅಂಧ ಮಕ್ಕಳಿಗೆ ಮಹೇಶ್ವರಿ ಶಾಲೆ ಇದೆ. ಸ್ವಯಂಸೇವಾ ಸಂಸ್ಥೆಗಳ ಶಾಲೆಗಳಿಗೆ ರಾಜ್ಯದಲ್ಲಿ ಎರಡು ಬಗೆಯ ಅನುದಾನ: 1982ರ ನಿಯಮಾವಳಿಯದು ಒಂದು, ಮಕ್ಕಳ ತಲೆ ಎಣಿಸಿ ಕೊಡುವ ಶಿಶುಕೇಂದ್ರಿತ ಯೋಜನೆಯದು ಇನ್ನೊಂದು. ಎರಡನೆಯದರಲ್ಲಿ ಹಾಜರಾತಿಯೇ ಹಣ. ಆಟಿಸಂ ಇರುವ ಮಗು ಹಬ್ಬದ ಗದ್ದಲಕ್ಕೆ ಬೆದರಿ ಹದಿನೈದು ದಿನ ಶಾಲೆಗೆ ಬಾರದಿದ್ದರೆ ಅದರ ಛಾಯೆ ಶಿಕ್ಷಕಿಯ ವೇತನದ ಮೇಲೂ ಬೀಳುತ್ತದೆ. ಶಿಕ್ಷಕರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಬೇಕು, ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು, ನವೀಕರಣಕ್ಕೆ ತರಬೇತಿಯ ಅಂಕ ಗಳಿಸಬೇಕು. ಕೇಂದ್ರದ ದೀನದಯಾಳ್ ಪುನರ್ವಸತಿ ಯೋಜನೆಯ ಅನುದಾನ ಬೇಕಿದ್ದರೆ ಇ-ಅನುದಾನ್ ಪೋರ್ಟಲ್ ಬೇರೆ. ಆಟಿಸಂ, ಮೆದುಳಿನ ಪಾರ್ಶ್ವವಾಯು, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಈ ನಾಲ್ಕಕ್ಕೆ 1 ಲಕ್ಷ ರೂಪಾಯಿವರೆಗೆ ವಿಮೆ ಕೊಡುವ ರಾಷ್ಟ್ರೀಯ ನ್ಯಾಸದ ನಿರಾಮಯ ಯೋಜನೆ ಇನ್ನೊಂದು. ಔಷಧ, ಥೆರಪಿಯ ಖರ್ಚನ್ನೂ ಅದು ಭರಿಸುತ್ತದೆ. ವರ್ಷಕ್ಕೊಮ್ಮೆ ನವೀಕರಿಸದಿದ್ದರೆ ಕೈತಪ್ಪುತ್ತದೆ.

ಇಷ್ಟು ಪೋರ್ಟಲ್‌ಗಳಿದ್ದ ಮೇಲೆ ಮಾಹಿತಿ ಸೋರುವ ಪ್ರಶ್ನೆ ಏಳಲೇಬೇಕು. ಮಾನಸಿಕ ಕಾಯಿಲೆಯವರ ವಿವರ ಗುಟ್ಟಾಗಿಡುವುದು 2017ರ ಕಾಯ್ದೆಯ 23ನೇ ಸೆಕ್ಷನ್ನಿನಂತೆ ಅವರ ಹಕ್ಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಕಾನೂನುಬದ್ಧ ಪಾಲಕರಿರುವ ವಿಕಲಚೇತನರ ಮಾಹಿತಿ ಬಳಸುವಾಗ ಆ ಪಾಲಕರ ಒಪ್ಪಿಗೆ ಪಡೆಯಬೇಕೆಂಬುದು ಆ ಕಾಯ್ದೆಯಲ್ಲಿದೆ. ಶಿಬಿರಕ್ಕೆ ಬರಬೇಕಾದವರ ಹೆಸರು, ಕಾಯಿಲೆ, ಆಧಾರ್ ಸಂಖ್ಯೆಯ ಪಟ್ಟಿಯ ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಸುಲಭ ದಾರಿ ಇನ್ನು ಅಪಾಯದ ದಾರಿ. ಸಣ್ಣ ಊರಿನಲ್ಲಿ ಅದು ಮದುವೆ ಮುರಿಯಬಹುದು, ಮನೆ ಬಾಡಿಗೆ ಸಿಗದಂತೆ ಮಾಡಬಹುದು. ಇದನ್ನು 9,000 ರೂಪಾಯಿಯ ಕಾರ್ಯಕರ್ತರಿಗೆ ಯಾರಾದರೂ ಕೂರಿಸಿ ಹೇಳಿಕೊಡಬೇಕು. ಫೋನಿಗೆ ಇನ್ನೊಂದು ಪಿಡಿಎಫ್ ಕಳಿಸಿದರೆ ಅದು ತರಬೇತಿಯಾಗದು.

ಬೆಳಗಾವಿ ಜಿಲ್ಲೆಯಲ್ಲಿ ಈಗ 15 ತಾಲೂಕುಗಳು. ಅಷ್ಟಕ್ಕೂ ಜಿಲ್ಲಾ ಮಟ್ಟದಲ್ಲಿ ಮಾನಸಿಕ ಆರೋಗ್ಯದ ತಂಡ ಒಂದೇ, ವಿಕಲಚೇತನರ ಕಲ್ಯಾಣಾಧಿಕಾರಿಯ ಕಚೇರಿ ಒಂದೇ. ಹೊಸ ನಿಯಮ ಬಂದಾಗ ಮಂಗಳವಾರದ ಕ್ಲಿನಿಕ್ಕು, ತಾಲೂಕು ಪಂಚಾಯಿತಿಯ ಎಂಆರ್‌ಡಬ್ಲ್ಯು ಸಭೆ, ನಾಡಕಚೇರಿ, ಈ ಮೂರು ಕಡೆ ಒಂದೇ ಪುಟದ ಟಿಪ್ಪಣಿ ಕನ್ನಡ, ಮರಾಠಿ ಎರಡರಲ್ಲೂ ಅಂಟಿಸುವುದಕ್ಕೆ ವಿಶೇಷ ಅನುದಾನ ಬೇಕಾಗಿಲ್ಲ.

ಎರಡು ವರ್ಷದ ನಿಯಮವನ್ನು ಅದರಲ್ಲಿ ಮೊದಲು ಬರೆಯಬೇಕು. 2024ರ ಅಕ್ಟೋಬರಿನಲ್ಲಿ ಅರ್ಜಿ ಹಾಕಿ, ಆಮೇಲೆ ಬೆಳಗಾವಿಗೆ ಹೋಗಲಾಗದೆ ಉಳಿದವರಿಗೆ ಎರಡು ವರ್ಷ ತುಂಬುವುದು 2026ರ ಅಕ್ಟೋಬರಿನಲ್ಲಿ. ಅದರ ಹಿಂದಿನ ನಾಲ್ಕು ತಿಂಗಳು ಕಣಕುಂಬಿ, ಆಮಗಾಂವ ಕಡೆ ಮಳೆ. ಹೋಗುವುದಿದ್ದರೆ ಮೇ ತಿಂಗಳೊಳಗೇ, ಹಳೆಯ ಕೇಸ್ ಪೇಪರುಗಳನ್ನೆಲ್ಲ ಹುಡುಕಿ ಜೋಡಿಸಿಕೊಂಡು.